ದಿನಕ್ಕೆ ಹತ್ತು ಪದದ ವೀರ

ಧಾರವಾಡದ ಸಪ್ತಾಪುರದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ, ಕೋಚಿಂಗ್ ಬೋರ್ಡುಗಳ ಕೆಳಗೆ ಚಹಾ ಹೀರುತ್ತ ನಿಂತವರಲ್ಲಿ ಈತನನ್ನು ಗುರುತಿಸುವುದು ಸುಲಭ. ಕಂಕುಳಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು; ಎಡಕ್ಕೆ ಕೆಂಪು ಶಾಯಿಯಲ್ಲಿ ಇಂಗ್ಲಿಷ್ ಪದ, ಬಲಕ್ಕೆ ನೀಲಿಯಲ್ಲಿ ಕನ್ನಡದ ಅರ್ಥ, ಒಂದಕ್ಕೆ ಒಂದೇ. ದಿನಕ್ಕೆ ಹತ್ತು ಪದ ಈತನ ವ್ರತ. 1949ರಲ್ಲಿ ಬಂದ ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ ಪಾರಾಯಣ ಗ್ರಂಥ. ಮೊದಲ ಎರಡು ಅಧ್ಯಾಯ ಬೆರಳ ಎಣ್ಣೆಗೆ ಕಪ್ಪಾಗಿರುತ್ತವೆ, ಉಳಿದವು ಅಂಗಡಿಯಿಂದ ಬಂದಷ್ಟೇ ಬೆಳ್ಳಗೆ. ಈತನ ಪದಗಳಿಗೆಲ್ಲ ಅರ್ಥವಿದೆ, ನೆಂಟರಿಲ್ಲ. ‘ನಟೋರಿಯಸ್’ ಎದುರಿಗೆ ‘ಹೆಸರುವಾಸಿ’ ಎಂದು ಬರೆದುಕೊಂಡವನು ನಿವೃತ್ತರಾಗುವ ಮೇಷ್ಟ್ರನ್ನು ವೇದಿಕೆಯ ಮೇಲೆ ಹೇಗೆ ಹೊಗಳಿಯಾನು, ನೀವೇ ಊಹಿಸಿ.

ಬೇಕಿದ್ದರೆ ಕನ್ನಡದಲ್ಲೇ ಪರೀಕ್ಷಿಸಿ ನೋಡಬಹುದು. ‘ಹೊಡೆ’ ಎಂದರೆ ‘ಬೀಟ್’ ಎಂದಷ್ಟೇ ಕಲಿತ ಪರದೇಶದವನು ನಮ್ಮ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಪೊಲೀಸರನ್ನು ಕರೆಯುತ್ತಾನೆ: ನಾವು ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಸೈಕಲ್ ಹೊಡೆಯುತ್ತೇವೆ, ಸಾಲದ್ದಕ್ಕೆ ಮುಖಕ್ಕೆ ಬಿಸಿಲೂ ಹೊಡೆಯುತ್ತದೆ. ಇಂಗ್ಲಿಷಿನ ‘ಗೆಟ್’, ‘ಪುಟ್’, ‘ಟೇಕ್’ ಇದೇ ಕುಲದವು. 1930ರಲ್ಲಿ ಸಿ.ಕೆ. ಆಗ್ಡನ್ ಕೇವಲ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿದ್ದು ಇಂಥ ಚಿಲ್ಲರೆ ಕ್ರಿಯಾಪದಗಳನ್ನು ದುಡಿಸಿಕೊಂಡೇ. ನಮ್ಮ ವೀರ ಚಿಲ್ಲರೆ ಮುಟ್ಟುವವನಲ್ಲ. ಜೇಬಿನಲ್ಲಿ ಬರೀ ಐನೂರರ ನೋಟು.

ಬಾಯಿಪಾಠವನ್ನು ಹಳಿಯಬೇಡಿ, ಹಿರಿಯರು ಅಮರಕೋಶವನ್ನೇ ಉರು ಹೊಡೆದರಲ್ಲ (ನೋಡಿ, ಮತ್ತೆ ‘ಹೊಡೆ’!) ಎಂದು ಯಾರಾದರೂ ಕೇಳಬಹುದು. ಹೊಡೆದರು, ಸರಿ. ಆದರೆ ಅಮರಸಿಂಹ ಸ್ವರ್ಗ, ಪಾತಾಳ, ಪುರ, ಗಿಡಮೂಲಿಕೆ ಎಂದು ವರ್ಗ ಕಟ್ಟಿ, ಛಂದಸ್ಸಿನಲ್ಲಿ ಕೂರಿಸಿದ್ದ. ಪದ ಬಳಗದ ಸಮೇತ ಬಾಯಿಗೆ ಬರುತ್ತಿತ್ತು. ಲೂಯಿಸರೂ ವೈದ್ಯರ ಪದಗಳನ್ನು ಒಂದೆಡೆ, ಸ್ವಭಾವದ ಪದಗಳನ್ನು ಇನ್ನೊಂದೆಡೆ ಇಟ್ಟವರೇ; ಬಳಗ ಒಡೆದದ್ದು ಈ ನೋಟ್‌ಬುಕ್ಕು. ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ ಕೇಳುತ್ತಾರಲ್ಲ ಎಂಬುದು ಮಾತ್ರ ಗಟ್ಟಿ ಆಕ್ಷೇಪ. ಕೇಳುತ್ತಾರೆ, ಅಂಕವೂ ಬರುತ್ತದೆ. ಅದೇ ಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವ ಭಾಗವೂ ಇದೆ. ವೀರ ಪೆನ್ಸಿಲ್ ಕಚ್ಚುವುದು ಅಲ್ಲಿಗೆ ಬಂದಾಗ.

ಸಿಟಿ ಬಸ್ಸಿನಲ್ಲಿ ಪಕ್ಕದ ಪರಊರಿನವರು ಕರ್ನಾಟಕ ಕಾಲೇಜಿಗೆ ಎಲ್ಲಿ ಇಳಿಯಬೇಕೆಂದು ಇಂಗ್ಲಿಷಿನಲ್ಲಿ ಕೇಳಿದರೆ, ಈತ ‘ಡಿಸೆಂಬಾರ್ಕ್’ ಸ್ಪೆಲ್ಲಿಂಗನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿರುತ್ತಾನೆ. ಅಷ್ಟರಲ್ಲಿ ಕಂಡಕ್ಟರು ಚಿಲ್ಲರೆ ಎಣಿಸುತ್ತಲೇ ‘ನೆಕ್ಸ್ಟ್ ಸ್ಟಾಪ್, ಗೆಟ್ ಡೌನ್’ ಎಂದು ಸೀಟಿ ಊದಿ ಆಗಿರುತ್ತದೆ.