ನಿದ್ದೆಗೂ ವಿನಾಯಿತಿ

ಪೈಲಟ್ ಕೂಡ ಮನುಷ್ಯ, ಅವರಿಗೂ ನಿದ್ದೆ ಬೇಕು ಎಂಬ ಸಂಗತಿ ದೇಶದ ಅತಿ ದೊಡ್ಡ ವಿಮಾನ ಕಂಪನಿಗೆ 2025ರ ಡಿಸೆಂಬರ್‌ನಲ್ಲಿ ದಿಢೀರನೆ ಹೊಳೆಯಿತು. ಮೂರೇ ದಿನದಲ್ಲಿ ಇಂಡಿಗೊದ ಎರಡೂವರೆ ಸಾವಿರ ವಿಮಾನಗಳು ರದ್ದಾದವು. ಮೂರು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು.

ಹುಬ್ಬಳ್ಳಿಯಲ್ಲಂತೂ ಭುವನೇಶ್ವರದಿಂದ ಬರಬೇಕಿದ್ದ ಮದುಮಕ್ಕಳೇ ಬರಲಿಲ್ಲ. ಹಾಲ್ ಬುಕ್ಕಾಗಿತ್ತು, ನೆಂಟರು ಬಂದಿದ್ದರು. ವಧೂವರರ ಆಸನದಲ್ಲಿ ಹುಡುಗಿಯ ಅಪ್ಪ-ಅಮ್ಮ ಕೂತರು. ನವದಂಪತಿ ಸಿಂಗರಿಸಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ಆರತಕ್ಷತೆ ಮುಗಿಯಿತು.

ಕಂಪನಿ ಕೊಟ್ಟ ಕಾರಣಗಳನ್ನು ಕೇಳಿ. ಸಣ್ಣಪುಟ್ಟ ತಾಂತ್ರಿಕ ತೊಂದರೆ. ಚಳಿಗಾಲದ ವೇಳಾಪಟ್ಟಿ. ಹವಾಮಾನ. ದಟ್ಟಣೆ. ಜೊತೆಗೆ ಪೈಲಟ್‌ಗಳ ಹೊಸ ಡ್ಯೂಟಿ ನಿಯಮ. ಆಡಳಿತ ಮಂಡಳಿಯೊಂದನ್ನು ಬಿಟ್ಟು ಎಲ್ಲವೂ ಪಟ್ಟಿಯಲ್ಲಿತ್ತು. ಕುಣಿಯಲಾರದವರಿಗೆ ನೆಲ ಡೊಂಕು. ಇವರಿಗೆ ಆಕಾಶವೂ ಡೊಂಕು.

ಈ 'ಹೊಸ' ನಿಯಮದ ವಯಸ್ಸು ನೋಡಿ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಅದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಅದೇ ವರ್ಷದ ಜೂನ್‌ನಲ್ಲಿ ಇದು ಜಾರಿಯಾಗಬೇಕಿತ್ತು. ಕಂಪನಿಗಳು ಗೊಣಗಿದವು. ಡಿಜಿಸಿಎ ಮುಂದೂಡಿತು. ಪೈಲಟ್‌ಗಳ ಸಂಘಗಳು ಪಟ್ಟು ಬಿಡಲಿಲ್ಲ. ಕಡೆಗೆ ದೆಹಲಿ ಹೈಕೋರ್ಟ್ ಮೂಲಕ 2025ರ ಜುಲೈಗೆ ಒಂದು ಕಂತು, ನವೆಂಬರ್‌ಗೆ ಇನ್ನೊಂದು ಎಂದಾಯಿತು.

ಅಂದರೆ ಕಂಪನಿಗೆ ಸಿಕ್ಕಿದ್ದು ಇಪ್ಪತ್ತೆರಡು ತಿಂಗಳ ನೋಟಿಸ್. ಅಷ್ಟರಲ್ಲಿ ಏನು ಮಾಡಿತು? ವಿಮಾನಗಳನ್ನು ಹೆಚ್ಚಿಸಿತು. ನೇಮಕಾತಿ ನಿಲ್ಲಿಸಿತ್ತು ಎಂಬುದು ಪೈಲಟ್‌ಗಳ ಒಕ್ಕೂಟದ ದೂರು.

ಪೈಲಟ್‌ಗೆ ಸಿಗುವ ನೋಟಿಸ್ ಎಷ್ಟು? ಸ್ಟ್ಯಾಂಡ್‌ಬೈ ದಿನ ಫೋನ್ ಬಡಿದುಕೊಂಡರೆ ಯೂನಿಫಾರ್ಮ್ ಹಾಕಿ ಹೊರಡಬೇಕು. ಯಾರದೋ ಡ್ಯೂಟಿ ಗಂಟೆ ಮುಗಿದಿರುತ್ತದೆ, ಯಾರಿಗೋ ಜ್ವರ ಬಂದಿರುತ್ತದೆ. ಅದೇ ಪೈಲಟ್ ಕೆಲಸ ಬಿಡಬೇಕೆಂದರೆ? 2017ರ ನಿಯಮದ ಪ್ರಕಾರ ಕ್ಯಾಪ್ಟನ್ ಒಂದು ವರ್ಷ ಮೊದಲೇ ತಿಳಿಸಬೇಕು. ಕೋ-ಪೈಲಟ್ ಆರು ತಿಂಗಳು. ಪ್ರಯಾಣಿಕರಿಗೆ ತೊಂದರೆಯಾಗಬಾರದಲ್ಲ!

ಒಬ್ಬ ಪೈಲಟ್ ಬಿಟ್ಟುಹೋದರೆ ಪ್ರಯಾಣಿಕರಿಗೆ ತೊಂದರೆ. ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳದಿದ್ದರೆ ಅದು ದಕ್ಷ ಆಡಳಿತ.

ಇನ್ನು ಡಿಜಿಸಿಎ ಪೌರುಷ. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ತಾನೇ ಬರೆದಿತ್ತು. ಡಿಸೆಂಬರ್ 5ರಂದು ತಾನೇ ಹೊಡೆದುಹಾಕಿತು. ರಾತ್ರಿ ಡ್ಯೂಟಿಯ ಮಿತಿಯಿಂದ ಇಂಡಿಗೊಗೆ ಫೆಬ್ರವರಿ 10ರವರೆಗೆ ವಿನಾಯಿತಿಯನ್ನೂ ದಯಪಾಲಿಸಿತು. ತಯಾರಿ ಮಾಡಿಕೊಂಡ ಕಂಪನಿಗಳಿಗೆ ನಿಯಮ, ಮಾಡಿಕೊಳ್ಳದವರಿಗೆ ರಿಯಾಯಿತಿ. ಆದರೆ ನಸುಕಿನ ಮೂರು ಗಂಟೆಗೆ ಮುಚ್ಚಿಕೊಳ್ಳುವ ಕಣ್ಣಿಗೆ ಸುತ್ತೋಲೆ ಓದಲು ಬರುವುದಿಲ್ಲ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಸಿಕ್ಕಿದ್ದು ಕ್ಯಾಪ್ಟನ್‌ರ ಗೊರಕೆ. ಒಂದೂವರೆ ಗಂಟೆಗೂ ಹೆಚ್ಚು ಮಲಗಿ ಎದ್ದವರು ಮಂಪರಿನಲ್ಲೇ ವಿಮಾನ ಇಳಿಸಲು ಹೊರಟಿದ್ದರು. ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಪದೇ ಪದೇ ಹೇಳಿದ್ದೂ ಅದರಲ್ಲಿದೆ. ರಾತ್ರಿಯ ಆ ಹೊತ್ತಿನಲ್ಲಿ ದೇಹ ಯಾರ ಮಾತೂ ಕೇಳುವುದಿಲ್ಲ. ಅದನ್ನು ಅಷ್ಟು ದುಬಾರಿಯಾಗಿ ಕಲಿತ ದೇಶ ಇದು.

ನಾವೇನು ಸಾಚಾಗಳಲ್ಲ. ಡ್ಯೂಟಿಯ ಹೊಸ ನಿಯಮ ಹೊರಬಿದ್ದ ಅದೇ 2024ರ ಜನವರಿಯಲ್ಲಿ ದೆಹಲಿಯಲ್ಲಿ ಗೋವಾಕ್ಕೆ ಹೊರಡಬೇಕಿದ್ದ ವಿಮಾನ ಮಂಜಿನಿಂದಾಗಿ ಗಂಟೆಗಟ್ಟಲೆ ತಡವಾಯಿತು. ಮೊದಲ ಸಿಬ್ಬಂದಿಯ ಡ್ಯೂಟಿ ಅವಧಿ ಮುಗಿದು ಬದಲಿ ಪೈಲಟ್ ಬಂದರು. ಅವರು ನಿಂತು ತಡದ ವಿಷಯ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಓಡಿ ಬಂದು ಗುದ್ದಿದ. ವಿಮಾನ ಬಿದ್ದಾಗ 'ದಣಿದವರನ್ನು ಯಾಕೆ ಕೂರಿಸಿದಿರಿ' ಎನ್ನುವವರು ನಾವೇ. ತಡವಾದಾಗ 'ದಣಿದರೇನಂತೆ, ಹಾರಿಸಿ' ಎನ್ನುವವರೂ ನಾವೇ. ಎರಡು ಸಾವಿರ ಉಳಿಯುತ್ತದೆಂದು ನಡುರಾತ್ರಿಯ ಟಿಕೆಟ್ ಹುಡುಕುವವರೂ ನಾವೇ.

ಎಲ್ಲ ಮುಗಿದ ಮೇಲೆ, 2026ರ ಜನವರಿಯಲ್ಲಿ, ಡಿಜಿಸಿಎ ಕೆಂಗಣ್ಣು ಬಿಟ್ಟಿತು. ದಂಡ 22.20 ಕೋಟಿ ರೂಪಾಯಿ. ಮೇಲೆ 50 ಕೋಟಿಯ ಬ್ಯಾಂಕ್ ಗ್ಯಾರಂಟಿ. ಸುಧಾರಿಸಿಕೊಂಡರೆ ಅದೂ ವಾಪಸ್. ಕಂಪನಿಯ 2024-25ರ ಲಾಭ 7,258 ಕೋಟಿ. ದಿನಕ್ಕೆ ಸುಮಾರು 20 ಕೋಟಿ. ಮೂರು ದಿನ ದೇಶವನ್ನೇ ನೆಲಕ್ಕೆ ಕೆಡವಿದ್ದಕ್ಕೆ ಒಂದು ದಿನದ ಗಳಿಕೆ, ಜೊತೆಗೆ ಚಿಲ್ಲರೆ.

ಪೈಲಟ್‌ಗಳಿಗೆ ಸಂಬಳ ಪ್ರತಿ ತಿಂಗಳೂ ಕೊಡಬೇಕು. ದಂಡ ಒಮ್ಮೆ ಕಟ್ಟಿದರೆ ಮುಗಿಯಿತು. ಈ ಲೆಕ್ಕ ಮಾಡಲು ಯಾವ ಲೆಕ್ಕಪರಿಶೋಧಕನೂ ಬೇಡ. ಡಿಜಿಸಿಎ ಆದೇಶದಲ್ಲಿ ಉಳಿದ ಕಂಪನಿಗಳು ಓದಿಕೊಂಡಿದ್ದು ದರಪಟ್ಟಿಯನ್ನು.