ಲಾಲ್‌ಬಾಗಿನಲ್ಲಿ ಸೊಪ್ಪಿನ ದೊಡ್ಡಪ್ಪ

ಶಿಡ್ಲಘಟ್ಟ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಒಬ್ಬ ಸೊಪ್ಪಿನ ದೊಡ್ಡಪ್ಪ ಸಿಕ್ಕೇ ಸಿಗುತ್ತಾರೆ. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ನಿನ್ನೆಯ ರೇಷ್ಮೆಗೂಡಿನ ರೇಟು. ಜಗತ್ತಿನ ಗಿಡಮರಗಳಲ್ಲಿ ಅವರಿಗೆ ಗೊತ್ತಿರುವುದು ಎರಡೇ ಜಾತಿ: ಹುಳ ತಿನ್ನೋದು, ಹುಳ ಮೂಸದೇ ಇರೋದು. ಇಂಥವರನ್ನು ಬೆಂಗಳೂರಿನ ಮಗ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಕರೆದೊಯ್ಯುತ್ತಾನೆ.

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ ಎಂದು ಮಗ ವರ್ಣಿಸುವಷ್ಟರಲ್ಲಿ ದೊಡ್ಡಪ್ಪನ ಲೆಕ್ಕ ಮುಗಿದಿರುತ್ತದೆ. "ಜೋಡಿ ಸಾಲಲ್ಲಿ ವಿ-1 ಹಿಪ್ಪುನೇರಳೆ ಕಡ್ಡಿ ಊರಿದ್ರೆ ಇಡೀ ಹೋಬಳಿ ಹುಳ ಮೇಯಿಸ್ಬೋದು ಕಣೋ!"

ನಾಗಲಿಂಗದ ಮರಕ್ಕೆ ಭಕ್ತಿಯಿಂದ ಕೈ ಮುಗಿಯುತ್ತಾರೆ. ಮುಗಿದ ಕೈಯಲ್ಲೇ ಒಂದೆಲೆ ಕಿತ್ತು, ಹಿಸುಕಿ, "ರಸವೇ ಇಲ್ಲ" ಎಂದು ಬಿಸಾಡುತ್ತಾರೆ. ಕಾವಲಿನವನು ಸೀಟಿ ಊದಿ ಗದರಿದರೆ ಇವರಿಗೇ ಅವನ ಮೇಲೆ ಕನಿಕರ: "ಕೀಳದೇ ಬಿಟ್ರೆ ಹೊಸ ಚಿಗುರು ಎಲ್ಲಿಂದ ಬರ್ತದಪ್ಪಾ?"

1889ರ ಗಾಜಿನ ಮನೆಯೊಳಗೆ ಜನ ಹೂವಿನ ಮುಂದೆ ಸೆಲ್ಫಿಗೆ ಮುಗಿಬಿದ್ದಿದ್ದರೆ ಇವರ ಕಣ್ಣು ಸೂರಿನ ಮೇಲೆ. ಹುಳದ ಮನೆಗೆ ಎತ್ತರ ಸರಿಯಾಗಿದೆ, ಗಾಳಿಯೂ ಆಡುತ್ತದೆ. "ಆದ್ರೆ ಸುತ್ತ ಪರದೆ ಕಟ್ಟಿಲ್ವಲ್ಲೋ, ಊಜಿ ನೊಣ ಸುಮ್ನೆ ಬಿಡ್ತದಾ?"

ಸುಮಾರು 2 ಕೋಟಿ ವರ್ಷದ, ಕಲ್ಲಾಗಿ ಹೋದ ಮರದ ಮುಂದೆ ಮಾತ್ರ ತುಸು ಹೊತ್ತು ನಿಂತರು. ಮಗನಿಗೆ ಖುಷಿಯೋ ಖುಷಿ. "ಇಷ್ಟು ವರ್ಷದಿಂದ ಒಂದೆಲೆ ಬಿಟ್ಟಿಲ್ಲ. ಕಿತ್ತು ಬೇರೆ ಹಾಕ್ಬಾರ್ದಾ?"

ಆಲ, ಅತ್ತಿ, ಹಲಸು ಎಲ್ಲವೂ ಹಿಪ್ಪುನೇರಳೆಯ ಕುಟುಂಬದವೇ ಎಂದು ಮಗ ಕೊನೆಯ ಅಸ್ತ್ರ ಬಿಟ್ಟ. ದೊಡ್ಡಪ್ಪ ಅತ್ತಿಮರವನ್ನು ಬುಡದಿಂದ ತುದಿಯವರೆಗೆ ನೋಡಿ ತೀರ್ಪು ಕೊಟ್ಟರು: "ದಾಯಾದಿಗಳೇ ಇರ್ಬೋದು. ಹುಳ ಇವರ ಮನೇಲಿ ಊಟ ಮಾಡಲ್ಲ."

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ದಿನವೇ ಕರೆದೊಯ್ಯಿರಿ. ಅವತ್ತು ಹುಳ ಸೊಪ್ಪು ಮುಟ್ಟುವುದಿಲ್ಲ, ಇವರಿಗೂ ರಜೆ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಕೇಳಲೇಬೇಡಿ. ಹುಳ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆ ಒಂದು ವಾರದಲ್ಲೇ ಖರ್ಚು. ಹೈದರಾಲಿಯೇ ಬಂದು ಕರೆದರೂ ದೊಡ್ಡಪ್ಪ ತೋಟ ಬಿಟ್ಟು ಬರುವುದಿಲ್ಲ.