ನಂಗ್ಯಾವ ಬಣ್ಣವೂ ಇಲ್ಲ ಸ್ವಾಮಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಆಲೂಗಡ್ಡೆ ಮೂಟೆ. ಅದರ ತಳದ ಗಡ್ಡೆಯೊಂದರ ಜೀವಕೋಶದೊಳಗೆ ಇವರ ವಾಸ. ಹೆಸರು ಲ್ಯೂಕೋಪ್ಲಾಸ್ಟ್. ಹೈಸ್ಕೂಲು ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಮರುದಿನ ಮಧ್ಯಾಹ್ನ ಮರೆತುಬಿಡುವ ಹೆಸರು.

ನಿಮ್ಮ ಸುದ್ದಿಯೇ ಎಲ್ಲೂ ಬರಲ್ಲವಲ್ಲ?

ಹೆಂಗ್ ಬರುತ್ತೆ ಸ್ವಾಮಿ? ಎಲೆಯಲ್ಲಿರೋ ನಮ್ಮಣ್ಣ ಕ್ಲೋರೋಪ್ಲಾಸ್ಟ್ ಹಸಿರು ಶಾಲು ಹೊದ್ದು ಬಿಸಿಲಲ್ಲಿ ನಿಂತಿರ್ತಾನೆ, ಫೋಟೋ ಎಲ್ಲಾ ಅವನದ್ದೇ. ಹೂವು, ಹಣ್ಣು ಸೇರಿಕೊಂಡ ಕ್ರೋಮೋಪ್ಲಾಸ್ಟಿಗೆ ಕೆಂಪು, ಹಳದಿ. ಮೂವರೂ ಒಂದೇ ಮೂಲದವರು. ಗಡ್ಡೆ, ಬೇರು, ಬೀಜದ ಕತ್ತಲೆ ಪೋಸ್ಟಿಂಗ್ ಮಾತ್ರ ನಂಗೆ.

ಅಲ್ಲೇನು ಕೆಲಸ?

ಉಗ್ರಾಣ. ಎಲೆ ಮಾಡಿದ ಸಕ್ಕರೆ ಕೆಳಗಿಳಿದು ಬರುತ್ತೆ. ಹಾಗೇ ಇಟ್ಟರೆ ನೀರು ಎಳೆದು ಜೀವಕೋಶ ಉಬ್ಬುತ್ತೆ. ಅದಕ್ಕೇ ಕರಗದ ಪಿಷ್ಟ ಮಾಡಿ ಕಾಳುಕಾಳಾಗಿ ಕೂಡಿಡ್ತೀನಿ. ಈ ವಿಭಾಗಕ್ಕೆ ಅಮೈಲೋಪ್ಲಾಸ್ಟ್ ಅಂತ ಬೋರ್ಡು. ಎಣ್ಣೆಯದಕ್ಕೆ ಎಲಯೋಪ್ಲಾಸ್ಟ್, ಪ್ರೋಟೀನಿಂದಕ್ಕೆ ಪ್ರೋಟೀನೋಪ್ಲಾಸ್ಟ್. ಭದ್ರಾ ನಾಲೆ ನೀರು ಕುಡಿದ ಭದ್ರಾವತಿ ಭತ್ತದ ಕಾಳೊಳಗೆ ಇರೋರೂ ನಮ್ಮವರೇ. ಅಕ್ಕಿಹಿಟ್ಟಲ್ಲಿ ಗೋಧಿಯ ಅಂಟಿಲ್ಲ. ಕುದಿನೀರಿಗೆ ಹಾಕಿ ತಿರುವಿದಾಗ ನಮ್ಮ ಪಿಷ್ಟ ಉಬ್ಬಿ ಹಿಡಿದುಕೊಳ್ಳುತ್ತೆ, ಆಮೇಲೆ ನಿಮ್ಮ ರೊಟ್ಟಿ. ಗರಿಗರಿ ಬಿಳಿ ಅಂಗಿಗೆ ಹಾಕೋ ಗಂಜಿಯೂ ಅದೇ. ಈ ಜಿಲ್ಲೆ ರಾಜ್ಯಕ್ಕೆ ಎಷ್ಟು ಮುಖ್ಯಮಂತ್ರಿಗಳನ್ನ ಕೊಟ್ಟಿದೆ, ಎಣಿಸಿ ನೋಡಿ. ಅವರ ಅಂಗಿ ನೆಟ್ಟಗೆ ನಿಲ್ಲಿಸಿದವರನ್ನ ಯಾರು ನೆನೆಸಿದರು?

ಭದ್ರಾವತಿ ಅಂದಿರಿ. ಕಾರ್ಖಾನೆಗಳಿಗೂ ನಿಮಗೂ ನಂಟುಂಟೋ?

ಬರೆಯೋ ಕಾಗದದ ಮೇಲೆ ಶಾಯಿ ಹರಡಬಾರದು ಅಂತ ಪಿಷ್ಟ ಸವರ್ತಾರೆ. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ 1936ರದ್ದು, ಮಹಾರಾಜ ನಾಲ್ವಡಿಯವರ ಕಾಲದ್ದು. ಯಂತ್ರ ನಿಂತು ವರ್ಷಗಳಾದವು. ಮತ್ತೆ ಶುರುಮಾಡ್ತೀವಿ ಅನ್ನೋ ಭರವಸೆ ಮಾತ್ರ ಬೇರೆ ಊರಿನ ಕಾಗದದ ಮೇಲೆ ಅಚ್ಚಾಗ್ತಾನೇ ಇದೆ.

ಬರೀ ಕೂಡಿಡೋದೇ ಆಯಿತಲ್ಲ?

ಯಾರು ಹೇಳಿದ್ದು? ಬೇರಿನ ತುದಿಗೊಂದು ಟೋಪಿ ಇರುತ್ತೆ. ಅದರೊಳಗಿನ ನಮ್ಮವರು ಪಿಷ್ಟದ ಭಾರಕ್ಕೆ ಕೋಶದ ತಳಕ್ಕಿಳಿದು ಕೂರ್ತಾರೆ. ಗಿಡ ಅಡ್ಡ ಬಿದ್ದರೆ ಜಾರಿ ಹೊಸ ತಳ ಹಿಡೀತಾರೆ, ಬೇರು ಅತ್ತ ಬಾಗುತ್ತೆ. ನೆಲ ಯಾವ ಕಡೆ ಅಂತ ಗೊತ್ತಿರೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ?

ನಿಮ್ಮವರ ಮೇಲೆ ಪಕ್ಷಾಂತರದ ಆರೋಪವಿದೆ.

ಇದೆ, ಸುಳ್ಳಲ್ಲ. ಮೂಟೆ ಬಿಚ್ಚಿ ಮೇಲೆ ಹರಡಿದ ಗಡ್ಡೆ ನೋಡಿ, ಬೆಳಕು ಬಿದ್ದು ಹಸಿರು ತಿರುಗಿದೆ. ಸಿಪ್ಪೆಯಡಿಯ ನಮ್ಮವರು ಕ್ಲೋರೋಪ್ಲಾಸ್ಟ್ ಆಗಿದ್ದಾರೆ. ಕ್ಯಾಮೆರಾ ಬೆಳಕಿಗೆ ಬಣ್ಣ ಬದಲಿಸಿದವರನ್ನ ನೀವು ಕಾಣದವರೇನಲ್ಲ. ಆ ಗಡ್ಡೆ ಮಾತ್ರ ಮನೆಗೆ ಒಯ್ಯಬೇಡಿ. ಅದೇ ಬೆಳಕಿಗೆ ಸೋಲನಿನ್ ಅನ್ನೋ ವಿಷವೂ ಹೆಚ್ಚುತ್ತೆ, ಬೇಯಿಸಿದರೂ ಪೂರ್ತಿ ಹೋಗಲ್ಲ. ಹಸಿರಿನ ತಪ್ಪಲ್ಲ, ಸಹವಾಸದ್ದು.

ಒಂದು ಫೋಟೋ?

ಬಣ್ಣ ಇಲ್ಲದೋನು ಕಾಣ್ತೀನಾ? ಎರಡು ತೊಟ್ಟು ಅಯೋಡಿನ್ ಬಿಡಿ, ನನ್ನೊಳಗಿನ ಪಿಷ್ಟ ಕಡುನೀಲಿ ಆಗುತ್ತೆ. ಕೆಳಗೆ ಯಾವ ಪಕ್ಷ ಅಂತ ಮಾತ್ರ ಬರೀಬೇಡಿ.